ಕೆರೆದಂಡೆಗೆ ಹೋದ ಕರಡಿಗೆ

ಹಲೋ... ಹಲೋ... ಕೌನ್ ಬೋಲ್ತಾ ಹೈ? ರಾಮಟೇಕ್ ಕೆ ತಲಾವ್ ಕಾ ಬಂಗ್ಲಾ ಹೈ ಕ್ಯಾ?...

ಪಾಂಡುರಂಗ? ಚೌಕೀದಾರ್? ಬರೋಬರ್, ಬರೋಬರ್. ಮೈ ಚಂದ್ರಮ್ಮ, ನಾಗಪುರ್ ಸೇ. ಉಧರ್ ತಂಬೂ ಮೇ ಮಾಸ್ತರಣಿ ಲೋಗ್... ಏ, ಮಾಸ್ತರಣಿ ಅಲ್ಲ, ಇನ್ನ ಮ್ಯಾಲೆ ಮಾಸ್ತರಣಿ ಆಗೋರು... ಅಯ್ಯ ಶಿವನ, ಇದನ್ನ ಹಿಂದಿಯೊಳಗ ಹ್ಯಾಂಗ ಹೇಳೂದು...

ಹಾಂ? ಏನಂದಿ? ಕನ್ನಡ ತಿಳೀತೈತಿ? ಸೊಲ್ಲಾಪುರದ ಗಿರಣಿಯೊಳಗ ಇದ್ದೇನು? ಮತ್ತ ಮೊದಲ ಹೇಳಬಾರದೇನಪಾ. ನನ್ನ ಹಿಂದಿ ಕೇಳಿ ನಗಾಕ ನಿಂತೀದೇನು... ಇರಲಿ, ನಗು. ನನ್ನ ಹಿಂದಿ ಕೇಳಿ ಇಡೀ ರೇಲ್ವೆ ಕಾಲನಿ ನಗತೈತಿ.

ಕೇಳಿಲ್ಲೆ. ಟ್ರೇನಿಂಗ್ ಶಾಲಿ ಹುಡಿಗ್ಯಾರು ನಿಮ್ಮ ಕೆರಿ ದಂಡಿಗೆ ತಂಬು ಹೊಡದಾರಲ್ಲ, ಅವರೊಳಗ ಲೀಲಾ ಅಂತ ನನ್ನ ಸೊಸಿ ಅದಾಳ. ಎತ್ತರಕಿ, ಹಣಿ ತುಂಬ ವಿಭೂತಿ... ಹಾಂ, ಅಕಿನ. ಜಲ್ದಿ ಕರಕೊಂಡ ಬಾ...

ಬರಂಗಿಲ್ಲ ಅಂದ್ರೇನು? ಯಾಕ?... ಮಲಗ್ಯಾಳ? ಈ ಮಟಮಟ ಮಧ್ಯಾಹ್ನದಾಗ?... ಉಂಡಿಲ್ಲ? ನಿನ್ನಿಂದನೂ ಉಂಡಿಲ್ಲ?... ನೀ ಕೆರ್ಯಾನ ಶಿಂಗಾಡಿ ಕಾಯಿ ಕುದಿಸಿ ಕೊಟ್ರೂ ಮುಟ್ಟಲಿಲ್ಲ... ಏನು? ಹಾಸಿಗಿ ಸುತ್ತಿ ಇಟ್ಟಾಳ? ಸಂಜಿ ಗಾಡಿಗೆ ನಾಗಪುರಕ್ಕ ಹೊಂಟೀನಿ ಅಂತಾಳ?...

ಹಂಗಾದ್ರ ಅಕಿಗೂ ಗೊತ್ತಾಗೈತಿ... ಏನಿಲ್ಲ, ನಿನಗಲ್ಲ ಅಂದದ್ದು. ನೀ ಹೋಗು. ನಿಮ್ಮತ್ತಿ ನಾಗಪುರದಿಂದ ಮಾತಾಡಾಕ ಹತ್ತ್ಯಾರ, ನೀ ಬರೋತನಕ ಫೋನ್ ಇಡೂದಿಲ್ಲಂತ ಅಂತ ಹೇಳು. ಓಡು, ನನ್ನಪ್ಪ...

ಹೋದ. ಓಡಿದ್ನೋ, ಬೀಡಿ ಹಚ್ಚಿಗೋತ ಹೋದ್ನೋ... ಗೌರಮ್ಮಾ, ನಿಮ್ಮ ಮನಿ ಫೋನ್ ಇತ್ತಂತ ತಿಳೀತು, ಕೇಳಿದೇನವಾ? ಹುಡುಗಿ ಅಲ್ಲಿ ಉಪಾಸ ಬಿದ್ದಾಳ, ನಾ ಇಲ್ಲಿ... ಬ್ಯಾಡ, ಚಹಾ ಬ್ಯಾಡ. ನಿನಗ ಗೊತ್ತಿಲ್ಲೇನು, ಲಿಂಗಪೂಜಿ ಆಗದ ನಾ ಹನಿ ನೀರು ಬಾಯಾಗ ಹಾಕಿದಕಿ ಅಲ್ಲ. ನಿನ್ನೆ ಸಂಜಿ ಪೂಜಿಗೆ ಕೂತು ಕರಡಿಗಿ ತಗದ್ರ, ಒಳಗಿದ್ದದ್ದು ನಂದಲ್ಲ, ಅಕೀದು. ನನ್ನ ಲಿಂಗ ಅಕಿ ಕೊರಳಾಗ ಕೂತು ಕೆರಿ ದಂಡಿಗೆ ಹೋಗೈತಿ...

ಹ್ಯಾಂಗಂದ್ರ ಹ್ಯಾಂಗ ಹೇಳ್ಲಿ. ನಮ್ಮ ಉಮಾಪತಿ ಈ ದೀಪಾವಳಿಗೆ ಮಹಾಲ ಪ್ಯಾಟಿ ಅಕ್ಕಸಾಲಿ ಕಡೆ ತನ್ನ ಅವ್ವಗೂ ಹೆಂಡತಿಗೂ ಒಂದ ನಮೂನಿ ಬೆಳ್ಳಿ ಕರಡಿಗಿ ಮಾಡಿಸಿದ. ಜಗಳ ಆಗಬಾರದಂತ. ನಿನ್ನೆ ನಸಕಿನಾಗ ಇಬ್ಬರದೂ ಪೂಜಿ ಮುಗದ ಮ್ಯಾಲೆ, ಹುಡುಗಿ ಅಡವಿಗೆ ಹೊಂಟಾಳ, ಹಳೀ ದಾರ ಹರದು ಗಿರದೀತು ಅಂತ ನಾ ಶ್ಯಾಣ್ಯಾಕಿ ಎರಡಕ್ಕೂ ಹೊಸಾ ಶಿವದಾರ ಹಾಕಿದೆ. ಇನ್ನೂ ಬೆಳಕ ಹರದಿದ್ದಿಲ್ಲ, ಟಾಂಗಾದಂವ ಹೊರಗ ಒದರಾಕ ಹತ್ತಿದ್ದ. ಕೈಗೆ ಸಿಕ್ಕದ್ದು ಅಕಿ ಕೊರಳಿಗೆ ಹಾಕಿ ಕಳಿಸಿದೆ...

ದತ್ತು, ಥೋಡಾ ಥಾಂಬ್ ರೇ ಬಾಬಾ. ನಿನ್ನ ಔಷಧದ ಅಂಗಡಿಗೆ ಆಮ್ಯಾಲೆ ಫೋನ್ ಮಾಡು, ಅದು ಎಲ್ಲೂ ಓಡಿ ಹೋಗೂದಿಲ್ಲ. ಗೌರಮ್ಮನ ಮನಿಯವ್ರು, ಡಾಕ್ಟರ್ ಸಾಹೇಬ್ರು, ಕೇಳಿದ್ರ ನನ್ನ ಹೆಸರು ಹೇಳು...

ಹಲೋ? ಯಾರು?... ಲೀಲಾ?... ಲೀಲಾ, ಅಳಬ್ಯಾಡ. ಮೊದಲ ಅಳೂದು ನಿಲ್ಲಸು. ಟ್ರಂಕ್ ಕಾಲ್ ಇದು, ಅಳಾಕ ಹಚ್ಚಿದ್ದಲ್ಲ...

ಹೂಂ, ನನಗೂ ಗೊತ್ತಾಗೈತಿ. ನಿಂದು ನನ್ನ ಕಡೆ ಭದ್ರ ಐತಿ, ಎದಿಗೆ ಹಚ್ಚಿಕೊಂಡ ಬಂದೀನಿ. ನಂದು ಛಲೋ ಐತಿಲ್ಲೋ?... ತಗದ ಕೂಡಲೆ ತಿಳೀತು, ಅಲ್ಲಾ? ಒಂದ ಮಗ್ಗಲು ಸವದೈತಿ. ಮುದುಕೀದು ಮುದುಕೀಹಂಗ ಇರತೈತಿ...

ನಿಂದೇನ ತಪ್ಪು ಅದರಾಗ? ಕೊರಳಿಗೆ ಹಾಕಿದಾಕಿ ನಾನು. ಈಗ ಯಾರ ತಪ್ಪು ಅಂತ ಪಂಚಾಯ್ತಿ ಕೂಡೂದು ಬ್ಯಾಡ. ನೀ ಮೊದಲ ಹಾಸಿಗಿ ಬಿಚ್ಚು...

ಬಿಚ್ಚು ಅಂದೆ. ಬರಬ್ಯಾಡ. ನನ್ನ ಸಲುವಾಗಿ ಓಡಿ ಬರೂದು ಬ್ಯಾಡ... ನಡುವ ಎದ್ದು ಬಂದ್ರ ನಿಮ್ಮ ದೊಡ್ಡ ಅಕ್ಕೋರು ಏನಂತಾರ?... ಹಾಂ. ಹೆಸರ ಹೊಡದ ಹಾಕ್ತಾರ. ಕ್ಯಾಂಪ್ ಮುಗಸಲಾರದವ್ರಿಗೆ ಪರೀಕ್ಷಾನೂ ಇಲ್ಲ. ಇಷ್ಟ ಗೊತ್ತಿದ್ದೂ ಹಾಸಿಗಿ ಸುತ್ತೀದಿ?...

ಮುಂದಿನ ವರ್ಷ? ಯಾವ ಮುಂದಿನ ವರ್ಷ? ಭಾಷಾ ನೋಡಿ ರಾಜ್ಯ ಒಡದು ಹಂಚಾಕ ಹತ್ತ್ಯಾರ. ಮುಂದಿನ ವರ್ಷಕ್ಕ ಈ ನಾಗಪುರ ಯಾರ ಪಾಲಿಗೆ, ನಿಮ್ಮ ಶಾಲಿ ಎಲ್ಲಿ, ನಿನ್ನ ಗಂಡನ ವರ್ಗ ಯಾವ ಊರಿಗೆ, ಯಾರಿಗೆ ಗೊತ್ತು?... ಅದನ್ನೂ ಬಿಡು. ಉಮಾಪತಿ ಕುಣದದ್ದು ಮರತ್ಯಾ? ಮದುವಿ ಆದಾಕಿ ಅಡವಿಯೊಳಗ ತಂಬುದಾಗ ಮಲಗೂದು ಎಲ್ಲೈತಿ, ನನ್ನ ಹೆಂಡತಿ ಮಾಸ್ತರಕಿ ಮಾಡೂ ಅಂಥಾ ದರ್ದು ಏನೈತಿ ಅಂತ. ನಾ ನಡುವ ನಿಂತು ಅವನ ಬಾಯಿಂದ ಹೂಂ ಅನಸೇನಿ. ಇವತ್ತ ಸಂಜಿಗೆ ಅವನ ಗೂಡ್ಸ್ ಗಾಡಿ ಹೊಳ್ಳಿ ಬರತೈತಿ. ಅವ ಡ್ಯೂಟಿ ಇಳದು ಮನಿಗೆ ಬರೂದಕ್ಕೂ ನೀ ಹಾಸಿಗಿ ಹೊತಗೊಂಡ ಬಾಗಿಲದಾಗ ನಿಂದ್ರೂದಕ್ಕೂ ಸರಿ ಹೋತಂದ್ರ, ಮುಗೀತು. ಮತ್ತ ಪುಸ್ತಕ ಮುಟ್ಟಾಕ ಬಿಡೂದಿಲ್ಲ ಅಂವ...

ಕೆಟ್ಟಂವ ಅಂತ ನಾ ಎಲ್ಲಿ ಅಂದೆ? ಹಟಮಾರಿ. ನನ್ನ ಹಾಲು ಕುಡದಾನಲ್ಲ, ಮತ್ತ ಹ್ಯಾಂಗ ಆಗಬೇಕು...

ಯಾರ ಕೈಯಾಗ ಕಳಸ್ಲಿ? ಲಿಂಗ ಅದು, ಉಪ್ಪಿನಕಾಯಿ ಭರಣಿ ಅಲ್ಲ, ಗಾಡ್ಯಾಗ ಇಟ್ಟು ಕಳಸಾಕ... ನಾನ ಬರಬೇಕಂತ ಮುಂಜಾನೆ ಠೇಸನಕ್ಕ ಹೋಗಿದ್ದೆ. ಕಣ್ಣ ಮುಂದ ಹೋತು ಗಾಡಿ. ಇನ್ನ ನಾಳೆ ಮುಂಜಾನೀದು... ನಾಳೆ ಹ್ಯಾಂಗ ಬರ್ಲಿ? ಅಷ್ಟರಾಗ ಉಮಾಪತಿ ಮನ್ಯಾಗ ಇರ್ತಾನ. ಎಲ್ಲಿಗೆ ಹೊಂಟಿ ಬೇ ಅಂತ ಕೇಳ್ತಾನ. ಕೇಳಿದ್ರ ಹೇಳಬೇಕು. ಹೇಳಿದ್ರ ತಾನೂ ನನ್ನ ಬೆನ್ನ ಹತ್ತಿ ಬರ್ತಾನ, ನಿನ್ನ ಎಬ್ಬಿಸಿಕೊಂಡ ಹೋಗಾಕ. ನಾ ಎಲ್ಲಾ ತಿರುವಿ ತಿರುವಿ ನೋಡೇನಿ, ಲೀಲಾ. ನಿನ್ನೆ ಸಂಜಿಯಿಂದ ಇದನ್ನ ಮಾಡಾಕ ಹತ್ತೀನಿ...

ಹಾಂ, ಆಪರೇಟರ್? ಹೋ ಗಯಾ? ಔರ್ ತೀನ್ ಮಿನಿಟ್ ದೋ, ಬಾಬಾ. ಕಾಟೋ ಮತ್...

ಲೀಲಾ, ಇದ್ದೀ? ನಾಳೆ ಅಲ್ಲೇನು ನಿನ್ನ ಪಾಠ?... ಇನ್‌ಸ್ಪೆಕ್ಟರ್ ಬರ್ತಾನ? ಮರದ ಬುಡಕ, ಹಳ್ಳಿ ಮಕ್ಕಳನ್ನ ಕೂಡಿಸಿಕೊಂಡು?... ಯಾವ ಪಾಠ, ಮಳಿ ಹ್ಯಾಂಗ ಬರತೈತಿ ಅನ್ನೂದಾ? ಅದನ್ನ ನನಗ ಎಷ್ಟ ಸಲ ಹೇಳೀದಿ. ನಾ ಪಲ್ಯೆ ಹೆಚ್ಚಿಗೋತ ಕೂತ್ರ ನೀ ಗ್ವಾಡಿ ಮ್ಯಾಲೆ ಬರದು, ಹೇಳ್ರಿ ಅತ್ತಿ, ಮ್ವಾಡ ಹ್ಯಾಂಗ ಆಗ್ತಾವು ಅಂತ ಬೆದರಸ್ತಿದ್ದಿ. ತಪ್ಪು ಹೇಳಿದ್ರ ಎದ್ದ ನಿಂದ್ರಸ್ತಿದ್ದಿ ಸೈತ. ಸಾಲಿ ಕಟ್ಟಿ ಹತ್ತದಾಕಿಗೆ ತಿಳಿಸೀದಿ. ಆ ಸಣ್ಣ ಮಕ್ಕಳಿಗೆ ತಿಳಸೂದು ಏನ್ ದೊಡ್ಡದು?...

ಉಪಾಸ ನಿಂತು ಪಾಠ ಹೇಳಾಕ ಆಗೂದಿಲ್ಲ. ಮುಂಜಾನೆ ಚಕ್ಕರ ಬಂದು ಕೂತ್ಯಂತ, ಪಾಂಡುರಂಗ ಹೇಳಿದ... ಹೇಳಲಿಲ್ಲ? ಹಂಗಾದ್ರ ನಾನ ತಿಳಕೊಂಡೆ. ಬಂತಿಲ್ಲೋ? ಹೂಂ. ನನಗ ನೀ ಮಾಸ್ತರಣಿ ಆಗೂದು ನೋಡಬೇಕಾಗೈತಿ, ಲೀಲಾ. ಭಾಳ ಆಸೆ ಐತಿ ನನಗ. ಯಾಕಂತ ಕೇಳಬ್ಯಾಡ, ಐತಿ ಅಷ್ಟ...

ನಾನಾ? ನಾ ಉಂಡೇನಲ್ಲ... ಹೌದು, ಉಂಡೆ. ಜ್ವಾಳದ ರೊಟ್ಟಿ, ಝುಣಕಾ, ಮ್ಯಾಲೆ ಮಜ್ಜಿಗಿ... ಹಿಟ್ಟಾ?... ಹೌದಲ್ಲ, ಡಬ್ಬಿ ಖಾಲಿ ಆಗಿತ್ತು... ಗಿರಣಿಗೆ ಹೋಗಿ ಬೀಸಿಕೊಂಡ ಬಂದೆ... ಇವತ್ತ ಗಿರಣಿ ಬಂದ್ ಇರತೈತೇನು?... ಏ, ಗೌರಮ್ಮನ ಮನ್ಯಾಗ ಉಂಡೆ ಅಂತ ಇಟಗೋ. ಪೋಲೀಸ್ ಆಗಾಕ ಹೋಗಬೇಕಿತ್ತು ನೀನು, ಮಾಸ್ತರಣಿ ಅಲ್ಲ. ಗೌರಮ್ಮಾ, ನೀ ನಗಬ್ಯಾಡ, ಅಲ್ಲಿ ತನಕ ಕೇಳಸತೈತಿ...

ಆಣಿ? ಯಾಕ ಆಣಿ? ಅತ್ತಿ ಮಾತಿನ ಮ್ಯಾಲೆ ನಂಬಿಗಿಲ್ಲೇನು?... ಲಿಂಗ ಮುಟ್ಟಿ ಹೇಳಬೇಕಾ...

ಲಿಂಗ ಮುಟ್ಟಿ ಸುಳ್ಳ ಹೇಳಾಕ ಬರೂದಿಲ್ಲ ನನಗ.

ಇಲ್ಲ. ಉಂಡಿಲ್ಲ. ನೀರೂ ಕುಡದಿಲ್ಲ. ಸಮಾಧಾನ ಆತೇನು?...

ಏ, ನಿಂದ್ರು. ಹೊಂಟೆ ಅನ್ನಬ್ಯಾಡ. ಲೀಲಾ. ಲೀಲಾ, ಫೋನ್ ಕೆಳಗಿಟ್ರ ನನ್ನ ಮ್ಯಾಲೆ ಆಣಿ. ಕೇಳು. ನಂದು ನಿನ್ನ ಕಡೆ ಐತಿ, ನಿಂದು ನನ್ನ ಕಡೆ ಐತಿ. ನೀ ನಂದು ಪೂಜಿ ಮಾಡಿ ಉಣ್ಣು. ನಾ ನಿಂದು ಮಾಡಿ ಉಣ್ತೀನಿ...

ಗೊತ್ತೈತಿ. ಒಬ್ಬರದನ್ನ ಒಬ್ಬರು ಮುಟ್ಟಬಾರದು ಅಂತ ನಿನಗ ಹೇಳಿಕೊಟ್ಟಾಕಿ ನಾನ. ನನಗ ಹೇಳಬ್ಯಾಡ ಅದನ್ನ. ಮಠದ ಗುರುಗಳು ಸಿದ್ದಲಿಂಗಯ್ಯನವರು ಅದನ್ನ ನನ್ನ ಕೊರಳಿಗೆ ಕಟ್ಟಿದಾಗ ನಾ ಇನ್ನೂ ಕುಂಟಾಟ ಆಡೂ ಹುಡುಗಿ. ಅವತ್ತಿನಿಂದ ಮೈ ಬಿಟ್ಟು ಅಗಲಿಲ್ಲ. ಉಮಾಪತೀನ ಹಡೀವಾಗ್ಲೂ ಕೊರಳಾಗ ಇತ್ತು, ಸೂಲಗಿತ್ತಿ ತಗದಿಡು ಅಂದ್ರ ನಾ ಕೊಡಲಿಲ್ಲ. ನಿನ್ನೆ ರಾತ್ರಿ ಎದಿ ಖಾಲಿ ಖಾಲಿ ಅನಿಸಿ ಕಣ್ಣ ಹತ್ತಲಿಲ್ಲ. ಸುಳ್ಳ್ಯಾಕ ಹೇಳ್ಲಿ, ಮುಂಜಾನೆ ಠೇಸನಕ್ಕ ಓಡಿದ್ದು ನಿನ್ನ ಸಲುವಾಗಿ ಅಲ್ಲ, ಅದರ ಸಲುವಾಗಿ. ಗಾಡಿ ಸಿಕ್ಕಿದ್ರ ನಿನ್ನ ಪಾಠ ಗೀಠ ಒಂದೂ ನೋಡದ ಬಂದು ಕಸಗೊಂಡ ಹೋಗ್ತಿದ್ದೆ...

ಪಾಪ ಬರತೈತೋ ಇಲ್ಲೋ ನಾ ಏನ್ ಬಲ್ಲೆ. ಬಂದ್ರ ನನಗ ಬರಲಿ. ಊರಿಗೆ ಹೋದಾಗ ಮಠದಾಗ ನಿಂತು ನಾನ ಹೇಳ್ತೀನಿ, ಹಿಂಗ ಮಾಡೇನ್ರಿ ಅಂತ. ಬೈದ್ರ ಬೈಸಿಕೊಳ್ತೀನಿ. ನೀ ಸಣ್ಣಾಕಿ, ಅತ್ತಿ ಹೇಳಿದ್ದು ಕೇಳೀದಿ, ಅಷ್ಟ...

ಉಮಾಪತಿಗೆ ಯಾಕ ಹೇಳ್ಲಿ? ಅವ ನಮ್ಮ ಕರಡಿಗಿ ತಗದ ನೋಡ್ತಾನೇನು?...

ಜಳಕ ಆಗೈತೇನು?... ಕೆರ್ಯಾಗಾ? ಈ ಥಂಡ್ಯಾಗ? ಛಲೋ ಆತು, ನೆಗಡಿ ಬಂದ್ರ ದನಿ ಕೂಡತೈತಿ ನಾಳೆ... ಇರಲಿ. ವಿಭೂತಿ ಐತಿ? ಹಾಂ. ಅಲ್ಲೇ ಕಿಟಕಿ ಕಡೆ ಮುಖಾ ಮಾಡಿ ಕೂಡು. ಪಾಂಡುರಂಗಗ ಹೊರಗ ಹೋಗು ಅನ್ನು. ನಾನೂ ಇಲ್ಲೇ ಕೂಡ್ತೀನಿ. ಕೂಡೇ ಮಾಡೋಣು, ಅಂದ್ರ ನಿನಗ ಹೆದರಿಕಿ ಆಗೂದಿಲ್ಲ, ನನಗೂ ಆಗೂದಿಲ್ಲ.

ಗೌರಮ್ಮಾ, ಬಾಗಿಲಾ ಮುಚ್ಚವಾ. ಈ ಫೋನ್ ನನ್ನ ಕಿವಿಗೆ ಹಿಡಕೊಂಡ ನಿಂದ್ರು, ನನಗ ಎರಡೂ ಕೈ ಬೇಕು...

ತಗದ್ಯಾ? ಎಡಗೈಯಾಗ ಇಟಗೋ... ಭಾರ ಐತಿ? ಹೂಂ, ಎಷ್ಟ ವರ್ಷದ ಕಂತಿ, ಕರೀ ಲೇಪ ಹತ್ತೈತಿ ಅದಕ್ಕ. ನಿಂದೂ ಇಟಗೊಂಡೆ. ಹಗರ ಐತಿ, ಇನ್ನೂ ಹೊಸಾದು... ಇನ್ನ ಮಾತಾಡಬ್ಯಾಡ. ಅದನ್ನ ನೋಡು...

...

ಹಾಂ, ಆಪರೇಟರ್. ಏಕ್ ಮಿನಿಟ್, ಬಾಬಾ. ಪೂಜಾ ಚಲ್ ರಹೀ ಹೈ... ಹಾಂ, ಫೋನ್ ಪರ್. ಕ್ಯೂಂ, ಫೋನ್ ಪರ್ ಮನಾ ಹೈ ಕ್ಯಾ?...

...

ಆತೇನು?... ನಂದೂ ಆತು. ಲೀಲಾ, ಈಗ ನಿನ್ನ ಲಿಂಗ ಅಂಗೈಯಾಗ ಹಿಡದು ಹೇಳ್ತೀನಿ, ಇಲ್ಲೇ ಗೌರಮ್ಮನ ಮನ್ಯಾಗ ಉಂಡ ಹೋಗ್ತೀನಿ. ನೀನೂ ಹೇಳು, ನಂದು ಹಿಡದು. ಉಣ್ತೀನಿ ಅನ್ನು. ಕ್ಯಾಂಪ್ ಮುಗಿಯೂತನಕ ಬರೂದಿಲ್ಲ ಅನ್ನು...

ಹೂಂ. ಕೇಳಿಸ್ತು. ಈಗ ಅಳು ಬೇಕಾದ್ರ. ಅತ್ತು, ಮುಖಾ ತೊಳಕೊಂಡು ಉಣ್ಣಾಕ ಹೋಗು...

ಕೊರಳಿಗೆ ಹಾಕ್ಕೊಂಡ್ಯಾ? ಗಂಟು ನೋಡಿಕೋ. ರಾತ್ರಿ ಮಲಗುವಾಗ ಅದರ ಮ್ಯಾಲೆ ಒಂದ ಕೈ ಇಟಗೊಂಡ ಮಲಗು. ನಾ ಹಂಗ ಮಲಗ್ತಿದ್ದೆ, ಅದಕ್ಕ ಹಂಗ ರೂಢಿ ಆಗೈತಿ...

ನಿಂದಾ? ನಿಂದು ಹಾಕ್ಕೊಂಡೆನವಾ. ಈಗ ನನ್ನ ಎದಿ ಮ್ಯಾಲೆ... ಹಲೋ? ಲೀಲಾ? ನಿಂದು ಈಗ ನನ್ನ ಎದಿ ಮ್ಯಾ—