ಜಮಾ ಮಾಡಿದ ಬಂದೂಕು

ಏನಂದ್ರು? ಮೊದಲೇ ಯಾರೂ ತಿಳಿಸಿಲ್ಲ ಅಂದ್ರಾ? ಠಾಣೆಯವರು ಹಂಗಂದ್ರಾ? ಛೀ! ನಾಚಿಕಿ ಅನ್ನೋದು ಬ್ಯಾಡೇನ್ರಿ ಇವರಿಗೆ! ಹೀರಾಬಾಯಿ ಅಕ್ಕಾ, ಕುಂದರ್ರಿ ಇಲ್ಲೇ, ನನ್ನ ಟೈಪಿನ ಮೇಜಿನ ಹತ್ರ. ಹೆಡ್ ಕ್ಲರ್ಕ್ ಮಲ್ಕಪ್ಪನವರು ಚಹಾಕ್ಕ ಹೋಗ್ಯಾರ, ಲಗೂನ ಬರಂಗಿಲ್ಲ. ನಕಲು ಬೇಕಲ್ಲ, ವಕೀಲರಿಗೆ ತೋರಿಸಾಕ? ಕೊಡ್ತೇನಿ. ಫೈಲು ನಾನೇ ಹುಡುಕಿ ಇಟ್ಟೇನಿ.

ನೋಡ್ರಿ, ಇದು ನಿಮ್ಮ ಅರ್ಜಿ. ನಿಮ್ಮದೇ ಹೆಬ್ಬೆಟ್ಟು. ತಾರೀಖು... ನಿಮ್ಮನಿಯವರು ಸೈದಪ್ಪನವರು ಗುಂಡೇಟಿಗೆ ಹೋಗೂದಕ್ಕ ಹನ್ನೊಂದು ದಿನ ಮೊದಲು! ಹನ್ನೊಂದು ದಿನ ಅಂದ್ರ ಅಫಜಲಪುರದಿಂದ ಜೇವರ್ಗಿಗೆ ಎರಡು ಸಲ ನಡಕೋತ ಹೋಗಿ ಬರಬಹುದು. ಇವರಿಗೆ ಒಂದು ಕಾಗದ ಓದಾಕ ಆಗಲಿಲ್ಲ.

...ನೀರು ಕುಡೀರಿ. ನಿಂಬರ್ಗಾ ಬಸ್ಸು ಇನ್ನ ತಡ ಅದ.

ಇಲೆಕ್ಷನ್ ಬಂತಂದ್ರ ಲೈಸೆನ್ಸಿನ ಬಂದೂಕು ಎಲ್ಲಾ ಠಾಣೆದಾಗ ಜಮಾ. ಮಂಡಲ ಪಂಚಾಯ್ತಿ ಇಲೆಕ್ಷನ್ ಮುಗೀತು, ತಗೋರಪ್ಪಾ ನಿಮ್ಮ ನಿಮ್ಮ ಬಂದೂಕು! ಮದುವಿ ಮನ್ಯಾಗ ಚಪ್ಪಲಿ ಆರಿಸಿ ಕೊಟ್ಟಂಗ! ಆ ಬಾಜೂ ಹೊಲದ ದೌಲತರಾಯ ಬದುವಿನ ಸಲುವಾಗಿ ನಿಮ್ಮ ಮ್ಯಾಲ ಹಲ್ಲು ಕಡೀತಿದ್ದಾ ಅಂತ ನಿಮ್ಮೂರಾಗ ಯಾರಿಗೆ ಗೊತ್ತಿಲ್ಲ? ಅವನ ಬಂದೂಕು ಇನ್ನೊಂದು ತಿಂಗಳು ಇಟ್ಕೊಂಡಿದ್ರ ಇವರ ಗಂಟೇನು ಹೋಗ್ತಿತ್ತು? ಠಾಣೆದ ಫೌಜದಾರ ಏನಂದಾ ನಿಮಗ? ‘ಏನರ ಆಗಲಿ, ಆಮ್ಯಾಲ ಬಾ ಬೇ.’ ಥೂ! ಆಮ್ಯಾಲ ಬಂದು ಏನು, ಹೆಣ ಜಮಾ ಮಾಡಬೇಕೇನು?

ನಗಾಕತ್ತೀರಾ? ...ಇಲ್ಲಾ? ತಪ್ಪು ತಿಳಕೊಂಡೆ.

ಠಾಣೆಗೆ ಹುಕುಂ ಕೊಡಬೇಕಾದ ನಮ್ಮ ಕಚೇರಿ ಸಾಹೇಬ್ರೂ ಅಷ್ಟೇ. ದೂರದ ಸೀಮಿಯವರು, ಕನ್ನಡ ಬರಂಗಿಲ್ಲ. ಅರ್ಜಿ ಮ್ಯಾಲ ಇಂಗ್ಲಿಷಿನ್ಯಾಗ ಎರಡು ಸಾಲು ಸಾರಾಂಶ ಹಚ್ಚಿ ಕಳಿಸಬೇಕು. ಅದನ್ನೇ ಓದತಾರ, ಕೆಳಗ ಹುಕುಂ ಬರೀತಾರ. ನಿಮ್ಮದಕ್ಕ ಏನು ಬರದಾರ ಗೊತ್ತೇನು? ‘ಸರ್ವೇದವರು ಹೊಲ ಅಳೀಲಿ.’ ಮನಷ್ಯಾನ ಎದಿಗೆ ಗುರಿ ಇಟ್ಟಾರ ಅಂದ್ರ ಇವರು ಸರಪಳಿ ಹಿಡಕೊಂಡು ಹೊಲ ಅಳ್ಯಾಕ ಕಳಸ್ತಾರ! ಹೇಸಿಗಿ ಬರತದ ಅಕ್ಕಾ, ಈ ಕಚೇರಿ ಅನ್ನ ತಿನ್ನಾಕ.

ಯಾಕ್ರಿ, ನನ್ನ ಕೈ ಯಾಕ ನೋಡಾಕತ್ತೀರಿ?

ಇದಾ? ಇದೇನಿಲ್ರಿ, ಅದೇ ಸಾರಾಂಶ. ಇಂಗ್ಲಿಷಿನ್ಯಾಗ ಅದ, ನಿಮಗ ತಿಳಿಯಂಗಿಲ್ಲ... ವಕೀಲರಿಗೂ ಅರ್ಜಿ ನಕಲು ಅಷ್ಟೇ ಸಾಕು. ಖರೇನೇ ಸಾಕ್ರಿ.

...ಓದಲೇನು?

‘ಹೊಲದ ಬದುವಿನ ತಂಟೆ. ಅರ್ಜಿದಾರಳಿಗೆ ಆತಂಕವಿದೆ.’

ಅಷ್ಟೇ.

ಇಲ್ರಿ, ಮುಂದಿಲ್ಲ. ಹಂಗ ನೋಡಬ್ಯಾಡ್ರಿ ಅಕ್ಕಾ, ಮುಂದ ಖಾಲಿ ಅದ. ಬಂದೂಕಾ... ಬಂದೂಕು ಬರದಿಲ್ಲ. ನೀವು ಬರೆಸಿದ್ರಿ, ಹೌದು. ದೌಲತರಾಯ ಏನಂದಾ ಅಂತ ಅಂವಾ ಅಂದಂಗೇ ಬರೆಸಿದ್ರಿ. ಬಂದೂಕು ಕೈಗೆ ಬರಲಿ, ನಿನ್ನ ಗಂಡನ್ನ ಹೊಡದು, ಆಮ್ಯಾಲ ನಿನ್ನ... ಆ ಮಾತು. ಎಲ್ಲಾ ಒಂದೇ ಸಾಲಿನ್ಯಾಗ ಇತ್ತು.

ಅದನ್ನ ಇಂಗ್ಲಿಷಿನ್ಯಾಗ ಟೈಪ್ ಮಾಡಿ, ಗಂಡಸರ ಮುಂದ ಹೆಂಗ ಒಯ್ದು ಇಡ್ಲಿ? ಮಲ್ಕಪ್ಪನವರು ನಗ್ತಾರ, ಸಾಹೇಬ್ರು ಮುಖ ಎತ್ತಿ ನನ್ನ ನೋಡ್ತಾರ... ಆ ಹೊಲಸು ಮಾತು ಅಷ್ಟೇ ತೆಗದು ಉಳಿದಿದ್ದು ಇಡಬಹುದಿತ್ತು. ಹೊಳೀಲಿಲ್ಲ. ಇಡೀ ಸಾಲೇ ಬಿಟ್ಟೆ. ಬಿಟ್ಟು ಕೈ ತೊಳಕೊಂಡು ಬಂದೆ, ಸಾಬೂನು ಹಚ್ಚಿ.

ಫೌಜದಾರಗ ಉಗಳಿದೆ, ಸಾಹೇಬ್ರಿಗೆ ಉಗಳಿದೆ... ಸಾಹೇಬ್ರಿಗೆ ಗೊತ್ತೇ ಇರಲಿಲ್ರಿ ಅಕ್ಕಾ. ಯಾರೂ ತಿಳಿಸಿರಲಿಲ್ಲ.

ತಗೋರಿ, ಇದರದೂ ನಕಲು ಕೊಡ್ತೇನಿ. ಕೆಳಗ ಸಹಿನೂ ಮಾಡ್ತೇನಿ, ಗೌರಾಬಾಯಿ ಅಂತ ಪೂರ್ತಿ. ವಕೀಲರ ಮುಂದ ಹೇಳು ಅಂದ್ರ ಒಂದಕ್ಷರ ಬಿಡದ ಹೇಳ್ತೇನಿ, ಆ ಮಾತೂ ಹೇಳ್ತೇನಿ.

ಏನರ ಅನ್ರಿ. ಬೈಯ್ರಿ ನನ್ನ. ಅಂವಾ ನಿಮಗ ಬೈದದ್ದೇ ನನಗ ಬೈಯ್ರಿ...

ಅಕ್ಕಾ, ಅಷ್ಟರ ಮಾಡ್ರಿ.