ಮಲ್ಲಯ್ಯನ ಕಲ್ಲಿದ್ದಲು

ಸೋಮವಾರ ಸಂಜೆಯ ಭಜನೆ ಮುಗಿದು ಮಂಗಳಾರತಿ ಆರುವ ಹೊತ್ತಿಗೆ ಮಳೆ ಹಿಡಿದುಕೊಂಡಿತು. ರಾಯಚೂರಿನ ಹೊರಗೆ, ರೈಲ್ವೆ ಗೇಟಿನ ಈಚೆಗಿರುವ ಅಮರಮ್ಮನ ಮನೆಯಿಂದ ಯಾರೂ ಹೊರಡುವಂತಿರಲಿಲ್ಲ. ಮುದುಕಿ ಅಮರಮ್ಮ ಮಾತ್ರ ಸೆರಗು ಹೊದ್ದು ಎದ್ದಳು. "ಇಂಥ ಮಳ್ಯಾಗ ಎಲ್ಲಿಗೆ ಹೊಂಟಿ ಯವ್ವಾ, ಕೂಡು" ಎಂದು ಎಲ್ಲರೂ ಹಿಡಿದು ಕೂಡಿಸಿದರು. ತಾಳ ಹಾಕುವ ತಾಯಣ್ಣ ಕಲ್ಲಿದ್ದಲು ಉರಿಯುತ್ತಿದ್ದ ಸಿಗಡಿಗೆ ಕೈ ಕಾಸುತ್ತ ಕೇಳಿದ: "ಕರೆಂಟಿನ ರೈಲು ಬಂದ ಮ್ಯಾಲೂ ನಿನಗ ಈ ಕಲ್ಲಿದ್ದಲು ಎಲ್ಲಿ ಸಿಗ್ತದ ಯವ್ವಾ? ಹಿತ್ತಲದಾಗ ಎಂಜಿನ್ ಏನರ ಕಟ್ಟೀಯೇನು?"

ಎಲ್ಲರೂ ನಕ್ಕರು. ಅಮರಮ್ಮ ನಗಲಿಲ್ಲ.

"ಹೇಳ್ತೀನಿ, ಕೇಳ್ರಿ… ಕೇಳಿದ ಮ್ಯಾಲೆ ಕೈ ಕಾಸ್ಕೊಳ್ಳೋದು ಬಿಡೋದು ನಿಮಗ ಬಿಟ್ಟದ್ದು.

ಯುದ್ಧದ ಕಾಲ, ಕಟ್ಟಿಗಿ ಸಿಗಲಾರದ ಕಾಲ. ನಮ್ಮಪ್ಪ ಸುಂಕಪ್ಪ ಕುರ್ಡಿ ಊರಾಂವ, ಗೂಡ್ಸ್ ಗಾಡಿ ಎಂಜಿನ್ನಿಗೆ ಕಲ್ಲಿದ್ದಲು ಹಾಕಾಂವ. ಈ ಗೇಟು ಕಾಯಾಂವ ಮಲ್ಲಯ್ಯ. ಇಬ್ಬರದೂ ಒಂದು ರೂಢಿ… ಗಾಡಿ ಗೇಟು ದಾಟಿದ ಮ್ಯಾಲೆ ನಮ್ಮಪ್ಪ ಒಂದು ಹೆಂಟಿ ಕಲ್ಲಿದ್ದಲು ಕೆಳಗ ದಬ್ಬಾಂವ, ಮಲ್ಲಯ್ಯ ಸೀತನಿ ತೆನಿ ಕೊಡಾಂವ. ಆ ಎಳಿ ಜ್ವಾಳ ಎಂಜಿನ್ನಿನ ಸಲಿಕಿ ಮ್ಯಾಲೇ ಸುಟ್ಕೊಂಡು ತಿನ್ನೋರು.

ಒಂದಿನ ಹೊತ್ತು ಮುಳುಗೂ ಮುಂದ, ಹಿಂಗೇ ಅಕಾಲ ಮಳಿ. ಸಿಗ್ನಲ್ ಸಿಗಲಾರದೇ ಎಂಜಿನ್ ಗೇಟಿಗಿಂತ ಹಿಂದೇ ನಿಂತಿತ್ತು. ಮಲ್ಲಯ್ಯ ಹಳಿ ಆಚಿ ಕದ ಹಾಕಿ, ಈಚಿ ಕದ ಹಾಕಾಕ ಹೊಂಟಿದ್ದ. ನಮ್ಮಪ್ಪಗ ಲಗೂ ಮುಗಿಸಿ ಬೆಂಕಿ ಮುಂದ ಕೂಡೋ ಅವಸರ… ಅಲ್ಲೇ ಹೆಂಟಿ ದಬ್ಬಿ ಕೂಗಿದ: 'ಬಾರೋ ಮಲ್ಲಯ್ಯಾ, ಮಳ್ಯಾಗ ತೊಯ್ತದ, ಒಯ್ಯಿ.' ಕರದಾಂವ ಯಾರು? ನಮ್ಮಪ್ಪ. ಮಲ್ಲಯ್ಯ ಓಡಿ ಬಂದು ಹೆಂಟಿ ಎತ್ತೋದಕ್ಕೂ, ಸಿಗ್ನಲ್ ಸಿಕ್ಕು ಎಂಜಿನ್ ಹೊಂಡೋದಕ್ಕೂ ಸರಿಹೋತು. ಅಷ್ಟರಾಗ ಮಾನ್ವಿ ಕಡಿಂದ ಹತ್ತಿ ಬಿಡಿಸೋ ಹೆಣ್ಮಕ್ಕಳ ಬಂಡಿ, ತೆರೆದ ಕದದಾಗ ಒಳಗ ಬಂತು. ಆಚಿ ಕದ ಮುಚ್ಚಿತ್ತು… ಹಳಿ ಮ್ಯಾಲೆ ಸಿಕ್ಕೊಂತು. ಮಳಿ, ಹೊಗಿ, ಡ್ರೈವರಗ ಏನೂ ಕಾಣಲಿಲ್ಲ. ಮಲ್ಲಯ್ಯ ಕಲ್ಲಿದ್ದಲು ಎದಿಗೆ ಅವಚಿಕೊಂಡೇ ಓಡಿ, ಎತ್ತಿನ ಮೂಗುದಾರಕ್ಕ ಕೈ ಹಾಕಿದ… ಶಿವನೇ, ಬಂಡ್ಯಾಗಿನವರೂ ಉಳೀಲಿಲ್ಲ, ಅಂವನೂ ಉಳೀಲಿಲ್ಲ.

ಗೇಟಿನಾಂವ ಜಾಗಾ ಯಾಕ ಬಿಟ್ಟಿದ್ದ ಅಂತ ವಿಚಾರಣಿ ಸಾಹೇಬ್ರು ಕೇಳಿದ್ರು. ನಮ್ಮಪ್ಪ ಅಂದ: 'ಗೊತ್ತಿಲ್ರಿ.' ಅಷ್ಟೇ ಮಾತು. ತಪ್ಪು ಸತ್ತಾಂವನ ಮ್ಯಾಲೆ ಬಿತ್ತು. ಅವನ ಹೆಂಡತಿ ಗೋಪಮ್ಮನ್ನ ಗೇಟಿನ ಮನಿ ಬಿಡಿಸಿದ್ರು, ಆಕಿ ಮಕ್ಕಳ್ನ ಕಟ್ಟಿಕೊಂಡು ದೇವದುರ್ಗಕ್ಕ ಕೂಲಿಗೆ ಹೋದಳು.

ಎಂಜಿನ್ ರಿಪೇರಿ ಆತು. ಹೊಸ ಬಣ್ಣ, ಹೊಸ ನಂಬರು. ನಂಬರು ಬದಲಾದ್ರ ಮಾಡಿದ್ದು ಮರೀತದೇನು? ಮೊದಲನೇ ದಿನಾನೇ ಆ ಜಾಗಾದಾಗ ಒಂದು ಹೆಂಟಿ ತಾನೇ ಉರುಳಿ ಬಿತ್ತು. ಡ್ರೈವರ್ ಅಲ್ಲಾಉದ್ದೀನ್ ಅಂದ: 'ಕ್ಯಾರೇ ಸುಂಕಪ್ಪ, ಸೀತನಿ ಆಸಿ ಇನ್ನೂ ಬಿಟ್ಟಿಲ್ಲೇನು?' ನಮ್ಮಪ್ಪನ ಎರಡೂ ಕೈ ಸಲಿಕಿ ಮ್ಯಾಲಿದ್ದವು. ಮರುದಿನಾನೂ ಬಿತ್ತು. ಬಿದ್ದ ಮ್ಯಾಲೆ ಜಲ್ಲಿ ಕಲ್ಲಿನ್ಯಾಗ ಯಾರೋ ಓಡೋ ಸಪ್ಪಳ… ಗೇಟಿನ ತನಕಾ.

ತಡೀಲಾರದೇ ನಮ್ಮಪ್ಪ ದೇವದುರ್ಗಕ್ಕ ಹೋಗಿ ಗೋಪಮ್ಮನ ಮುಂದ ಎಲ್ಲಾ ಹೇಳಿದ. ಆಕಿ ರೊಟ್ಟಿ ಬಡಿಯೋದು ನಿಲ್ಲಿಸಲಿಲ್ಲ. 'ಹೇಳಬೇಕಾದಲ್ಲಿ ಹೇಳಲಿಲ್ಲ, ನನಗ್ಯಾಕ ಹೇಳ್ತಿಯಪ್ಪಾ? ಅಂವ ಇನ್ನೂ ಓಡಾಕತ್ಯಾನ. ಹೋಗು, ಬಿದ್ದ ಕಲ್ಲಿದ್ದಲು ನೀನೇ ಆರಿಸಿ ಒಯ್ಯಿ. ಅಂವ ಗೇಟಿನ್ಯಾಗ ನಿಲ್ಲಲಿ.'

ನೌಕರಿ ಬಿಟ್ಟು ಇಲ್ಲೇ ಗುಡಿಸಲು ಹಾಕಿದ ನಮ್ಮಪ್ಪ. ದಿನಾ ಹೊತ್ತು ಮುಳುಗೂ ಮುಂದ ಹೋಗಿ ಆರಿಸಾಂವ. ಆ ಎಂಜಿನ್ ಗುಜರಿಗೆ ಹೋತು, ಕಲ್ಲಿದ್ದಲು ಬೀಳೋದು ನಿಲ್ಲಲಿಲ್ಲ. ಸಾಯೂ ಮುಂದ ಆ ಕೆಲಸ ನನಗ ಒಪ್ಪಿಸಿದ. ಆರಿಸಲಿಲ್ಲಂದ್ರ ಮಲ್ಲಯ್ಯ ತಾನೇ ಎತ್ತಾಕ ಬರ್ತಾನ… ಗೇಟು ತೆರೆದೇ ಬಿಟ್ಟು."

ತಾಯಣ್ಣ ಸಿಗಡಿಯಿಂದ ಕೈ ಹಿಂದಕ್ಕೆ ತೆಗೆದ. ದೂರದಲ್ಲೆಲ್ಲೋ ರೈಲು ಕೂಗಿತು.

"ಈ ಕಲ್ಲಿದ್ದಲು ನಿನ್ನೆ ಆರಿಸಿದ್ದು," ಅಮರಮ್ಮ ಬೆಂಕಿ ಕೆದಕಿದಳು. "ಇವತ್ತಿಂದು ಆರಿಸಾಕ ಅಂತೇ ಎದ್ದಿದ್ದೆ, ನೀವು ಕೂಡಿಸಿದ್ರಿ… ಗೇಟು ದಾಟಿ ಹೋಗೋರು ನಿಮ್ಮೊಳಗ ಎಷ್ಟು ಮಂದಿ ಇದ್ದೀರಿ?"