ಮೊಳೆಯಿಲ್ಲದ ಮುಚ್ಚಳ

ಗ್ಲಫೀರಾ ಅಕ್ಕ, ಪಾದ್ರಿ ಜೊಸಿಮಾ ಅವರೇ, ಹೊಳೆಯಾಚೆಯಿಂದ ದೋಣಿಯಲ್ಲಿ ಬಂದಿರುವ ನೀವೆಲ್ಲರೂ — ನಮಸ್ಕಾರ. ಅವರು ತೀರಿಕೊಂಡು ಇಂದಿಗೆ ಒಂಬತ್ತನೆಯ ದಿನ. ನನಗೆ ಮರಗೆಲಸ ಕಲಿಸಿದ ಸವ್ವಾತಿ ಯೆರ್ಮೊಲಾಯೆವಿಚ್ ಇಲ್ಲ ಎಂದು ಹೇಳಲು ಎದ್ದಿದ್ದೇನೆ.

ಮೂವತ್ತು ವರ್ಷ ಸೊಂಟಕ್ಕೆ ಹಗ್ಗ ಕಟ್ಟದೆ ನಮ್ಮ ಚರ್ಚಿನ ಗುಮ್ಮಟ ಹತ್ತಿದವರು. ಅಲ್ಲಿಂದ ಬಿದ್ದಿದ್ದರೆ — ತಪ್ಪು ತಿಳಿಯಬೇಡಿ — ಅರ್ಥವಾಗುತ್ತಿತ್ತು. ಆದರೆ ಅವರು ನೆಲದ ಮೇಲಿದ್ದರು. ಚರ್ಚಿನ ಮರದ ಗೋಡೆಯನ್ನು ಜ್ಯಾಕ್ ಕೊಟ್ಟು ಮೇಲೆತ್ತಿ, ಅದರ ಬುಡದಲ್ಲಿ ಕೊಳೆತಿದ್ದ ಅಡಿದಿಮ್ಮಿ ತೆಗೆದು, ಹೊಸ ದಿಮ್ಮಿಯನ್ನು ಪಕ್ಕಕ್ಕೆ ಉರುಳಿಸಿ ಇಟ್ಟಿದ್ದೆವು. ಅದರ ಮೇಲೆ ಕೂತರು.

"ಕಪಿತೋನ್, ಚಹಾ ತಾರೋ. ನಿನ್ನ ಹಾಗೆ ತಣ್ಣಗಿರಬಾರದು, ಮತ್ತೆ."

ಲೋಟ ಹಿಡಿದು ಹೋದೆ. ಕೂತೇ ಇದ್ದರು, ಉಸಿರು ಮಾತ್ರ ಇರಲಿಲ್ಲ. ಕೊಡಲಿ ಮೊಣಕಾಲ ಮೇಲೇ ಇತ್ತು. ಆ ಲೋಟ ಈಗಲೂ ಕೈಯಲ್ಲೇ ಇದ್ದ ಹಾಗಿದೆ.

ಶವಪೆಟ್ಟಿಗೆಯನ್ನು ನಾವೇ ಮಾಡಿದೆವು. ಒಂದೂ ಮೊಳೆಯಿಲ್ಲ. ಮೂಲೆಮೂಲೆಗೂ, ಮುಚ್ಚಳಕ್ಕೂ ಅವರು ಕಲಿಸಿದ ಕಚ್ಚು — ಮರದೊಳಗೆ ಮರ ಕೂರಿಸುವ ಜೋಡಣೆ, ಕೂದಲು ತೂರದಷ್ಟು ಬಿಗಿ. ಚರ್ಚಿಗೆ ಹೊರಟಾಗ ತುಂತುರು ಮಳೆ. ಮುಖ ನೆನೆಯದಿರಲೆಂದು ಮುಚ್ಚಳವಿಟ್ಟು, ಅಭ್ಯಾಸಬಲದಿಂದ ಕೊಡಲಿಯ ಹಿಂಬದಿಯಲ್ಲಿ — ಹೀಗೆ, ಹೀಗೆ — ತಟ್ಟಿಬಿಟ್ಟೆ. ನೀರು ಕುಡಿದರೆ ಮರ ಉಬ್ಬುತ್ತದೆ, ಕಚ್ಚು ಇನ್ನಷ್ಟು ಬಿಗಿಯುತ್ತದೆ. ಅದಕ್ಕೇ ಅಲ್ಲವೇ ನಾವು ಹಾಗೆ ಕಡಿಯುವುದು?

ಚರ್ಚಿನ ಜಗುಲಿಯಲ್ಲಿ ಇಳಿಸಿದೆವು. ಗಂಡನಿಗೆ ಕೊನೆಯ ಮುತ್ತಿಡಲು ಗ್ಲಫೀರಾ ಅಕ್ಕ ಮುಂದೆ ಬಂದರು. ಮುಚ್ಚಳ — ಬರಲಿಲ್ಲ. ನಾಲ್ವರು ಸೇರಿ ಎಳೆದೆವು. ಬರಲಿಲ್ಲ. ಪಾದ್ರಿಗಳು ಪ್ರಾರ್ಥನೆ ನಿಲ್ಲಿಸಿ ನನ್ನನ್ನೇ ನೋಡಿದರು. ಕೊಡಲಿ ಕೈಯಲ್ಲಿದೆ, ಕೈ ಏಳುತ್ತಿಲ್ಲ. ಅವರು ಕಲಿಸಿದ ಕಚ್ಚನ್ನು ಅವರ ಮೇಲೆಯೇ ಒಡೆಯುವುದೇ?

"ಏನ್ ನೋಡ್ತಾ ನಿಂತೆ?" ಎಂದರು ಅಕ್ಕ. "ಮೂವತ್ತು ವರ್ಷ ಗುಮ್ಮಟದ ಮೇಲೆ ಅವರ ಬೆನ್ನೇ ನೋಡಿದೀನಿ. ಇವತ್ತೊಂದಿನ ಮುಖ ನೋಡ್ತೀನಿ. ಒಡಿ."

ಒಡೆದೆ.

ಅಕ್ಕ ಬಾಗಿ ಮುತ್ತಿಟ್ಟರು. ಬಹಳ ಹೊತ್ತು ಏಳಲಿಲ್ಲ. ಎದ್ದವರು ಸೀಳಿದ ಕಚ್ಚನ್ನು ಬೆರಳಿಂದ ಸವರಿ, "ಗೋಡೆಯ ಆ ದಿಮ್ಮೀನೂ ಹೀಗೇ ಬಿಗಿಯಾಗಿ ಕೂಡ್ಸು ಕಪಿತೋನ್. ಅದನ್ನ ಯಾರೂ ತೆಗೀಬೇಕಾಗಿಲ್ಲ" ಎಂದರು.

ಗೋಡೆ ಇನ್ನೂ ಜ್ಯಾಕ್ ಮೇಲೇ ಇದೆ. ಹಿಮ ಬೀಳುವ ಮೊದಲು ಇಳಿಯಬೇಕು. ಅವರಿಲ್ಲದೆ ಹೇಗೆ — ನನಗೆ ಗೊತ್ತಿಲ್ಲ. ಆದರೆ ನಾಳೆ ಬೆಳಿಗ್ಗೆ ಕೂಡಿಸುತ್ತೇವೆ, ಅಕ್ಕ.

ಈಗ ಟೊಪ್ಪಿಗೆ ತೆಗೆದು ಎಲ್ಲರೂ ಎದ್ದು ನಿಲ್ಲಿ. ನಾಳೆ ಕೊಡಲಿಯ ಸದ್ದು ಇದ್ದೇ ಇರುತ್ತದೆ. ಇವತ್ತು — ಮೌನ.